ಗ್ಯಾರೇಜನ್ನು ಅಮ್ಮನ ಮನೆ ಮಾಡಿದ್ದು: ಮೋರಿಯಿಂದ ಶುರು ಮಾಡಿ

ನಮ್ಮ ಗ್ಯಾರೇಜಿಗೆ ಕಾಲಿಟ್ಟ ಕೂಡಲೇ ಅಮ್ಮ ಹೇಳಿದ ಮಾತು: "ಇದೆಂಥದೇ ಮಾರಾಯ್ತಿ, ನೆಲ ಕೊಟ್ಟಿಗೆ ಥರ ಇಳಿಜಾರಿದೆಯಲ್ಲೇ!"

ತೀರ್ಥಹಳ್ಳಿ ಕಡೆ ಐವತ್ತು ವರ್ಷ ಕೊಟ್ಟಿಗೆ ತೊಳೆದ ಕಾಲು ಅದು. ನಾನು 14 ವರ್ಷ ಅದೇ ನೆಲದ ಮೇಲೆ ಓಡಾಡಿದ್ದೆ, ಗೊತ್ತೇ ಆಗಿರಲಿಲ್ಲ. ಕೊಟ್ಟಿಗೆಯಲ್ಲಿ ಗಂಜಲ ಹರಿದು ಹೋಗಲಿ ಅಂತ ಇಳಿಜಾರು ಬಿಡುತ್ತಾರೆ. ಗ್ಯಾರೇಜಿನಲ್ಲಿ ಕಾರಿನಿಂದ ಸೋರಿದ ನೀರು, ಎಣ್ಣೆ, ಪೆಟ್ರೋಲು ಬಾಗಿಲ ಕಡೆ ಹರಿಯಲಿ ಅಂತ ಬಿಡುತ್ತಾರೆ. ಸಾಮಾನ್ಯವಾಗಿ ಅಡಿಗೆ ಒಂದು ಇಂಚಿನ ಎಂಟನೇ ಒಂದು ಭಾಗ. ಕಣ್ಣಿಗೆ ಕಾಣಲ್ಲ. 20 ಅಡಿ ಉದ್ದದ ಗ್ಯಾರೇಜಿನಲ್ಲಿ ಅದೇ ಎರಡೂವರೆ ಇಂಚು ಆಗುತ್ತದೆ. ನಮ್ಮ ಕೆಲಸದಲ್ಲಿ ಆದ ಅರ್ಧ ತಾಪತ್ರಯಕ್ಕೆ ಈ ಎರಡೂವರೆ ಇಂಚೇ ಕಾರಣ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. 1964ರ ಮನೆ, ಮನೆಗೆ ಅಂಟಿಕೊಂಡ ಎರಡು ಕಾರಿನ ಗ್ಯಾರೇಜ್, 20 ಅಡಿಗೆ 21 ಅಡಿ. ಅಮ್ಮನಿಗೆ ಗ್ರೀನ್ ಕಾರ್ಡ್ ಆಯಿತು. ಮಂಡಿ ನೋವು, ಮಹಡಿ ಹತ್ತಲಾರಳು. ಮಕ್ಕಳ ಗಲಾಟೆ ಮಧ್ಯೆ ಇರಲೂ ಅವಳಿಗೆ ಮನಸ್ಸಿಲ್ಲ. "ನನ್ನ ಒಲೆ ನನಗೆ ಬೇಕು" ಅಂದಳು. ಹಾಗಾಗಿ 2024ರಲ್ಲಿ ಗ್ಯಾರೇಜನ್ನೇ ಅವಳಿಗೆ ಮನೆ ಮಾಡಿದೆವು. ಕಳೆದ ವರ್ಷದಿಂದ ನಾಲ್ಕೈದು ಕನ್ನಡದ ಮನೆಯವರು ಇದೇ ಪ್ರಶ್ನೆಗಳನ್ನು ಕೇಳಿದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ.

ಇದು ಕ್ಯಾಲಿಫೋರ್ನಿಯಾದ ಮಾತು, ನೆನಪಿರಲಿ. ಬೆಂಗಳೂರಿನಲ್ಲಿ ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗದಲ್ಲಿ ಮನೆ ಮಾಡಿದರೆ ಅದು ನಿಯಮ ಉಲ್ಲಂಘನೆ. ಇದನ್ನು ಓದಿ ಅಲ್ಲಿ ಗೋಡೆ ಎಬ್ಬಿಸಬೇಡಿ.

ಕಾನೂನು, ಬೇಗ ಮುಗಿಸೋಣ

ಇಂಥ ಮನೆಗೆ ಇಲ್ಲಿ ಎಡಿಯು (ಆಕ್ಸೆಸರಿ ಡ್ವೆಲ್ಲಿಂಗ್ ಯೂನಿಟ್) ಅಂತಾರೆ. ಅಂದರೆ ದೊಡ್ಡ ಮನೆಯ ಜಾಗದಲ್ಲೇ ಇರುವ, ತನ್ನದೇ ಬಾಗಿಲು, ಅಡುಗೆಮನೆ, ಬಚ್ಚಲು ಇರುವ ಚಿಕ್ಕ ಮನೆ. ಮುಂಚೆ ಊರಿಗೊಂದು ಅಡ್ಡಗಾಲು ಇತ್ತು. ರಾಜ್ಯ 2017ರಿಂದ ನಿಯಮ ಸಡಿಲ ಮಾಡುತ್ತಾ ಬಂತು, 2020ರ ಜನವರಿಯಿಂದ ಬಹಳ ಸಡಿಲ ಆಯಿತು. ಗ್ಯಾರೇಜ್ ಮನೆಯಾದರೆ ಹೋದ ಪಾರ್ಕಿಂಗ್‌ಗೆ ಬದಲಿ ಜಾಗ ತೋರಿಸಬೇಕಿಲ್ಲ. ಇರುವ ಗೋಡೆಯೊಳಗೇ ಮಾಡಿದರೆ ಸೈಟಿನ ಅಂಚಿನಿಂದ ಇಷ್ಟು ದೂರ ಬಿಡಿ ಅಂತ ಕೇಳುವಂತಿಲ್ಲ. ಪಕ್ಕದ ಮನೆಯವರನ್ನು ಕರೆಸಿ ಸಭೆ ಮಾಡುವಂತಿಲ್ಲ. 750 ಚದರ ಅಡಿಗಿಂತ ಚಿಕ್ಕದಾದರೆ ಊರಿನ ಅಭಿವೃದ್ಧಿ ಶುಲ್ಕ ಇಲ್ಲ. ಬಡಾವಣೆಯ ಸಂಘ ಕೂಡ ಪೂರ್ತಿ ಬೇಡ ಅನ್ನುವಂತಿಲ್ಲ. ಅರ್ಜಿ ಪೂರ್ತಿಯಾಗಿದ್ದರೆ 60 ದಿನದೊಳಗೆ ಉತ್ತರ ಕೊಡಬೇಕು.

"ಪೂರ್ತಿಯಾಗಿದ್ದರೆ" ಅನ್ನುವುದನ್ನು ಗಮನಿಸಿ. ನಮ್ಮದು ಮೊದಲ ಸಲ ಪೂರ್ತಿಯಾಗಿರಲಿಲ್ಲ. ತಪ್ಪು ನಮ್ಮದೇ, ಮುಂದೆ ಹೇಳುತ್ತೇನೆ.

500 ಚದರ ಅಡಿಯೊಳಗೆ, ಮನೆಗೆ ಅಂಟಿಕೊಂಡ ಗ್ಯಾರೇಜ್ ಆದರೆ ಜೂನಿಯರ್ ಎಡಿಯು ಅಂತ ಇನ್ನೊಂದು ದಾರಿ ಇದೆ. ಅದರಲ್ಲಿ ಪುಟ್ಟ ಅಡುಗೆಕಟ್ಟೆ ಸಾಕು, ಬಚ್ಚಲನ್ನು ದೊಡ್ಡ ಮನೆಯ ಜೊತೆ ಹಂಚಿಕೊಳ್ಳಬಹುದು. ಖರ್ಚು ಉಳಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಅಮ್ಮ ನಮ್ಮ ಹಜಾರ ದಾಟಿ ಬಚ್ಚಲಿಗೆ ಬರಬೇಕು ಅಂದರೆ ಇಷ್ಟೆಲ್ಲ ಮಾಡಿ ಏನು ಬಂತು? ನಾವು ಪೂರ್ತಿ ಎಡಿಯು ಅಂತಲೇ ಹಾಕಿದೆವು.

ಮೊದಲು ಗ್ಯಾರೇಜ್ ಖಾಲಿ ಮಾಡಿ ನೋಡಿ

ನಮ್ಮ ಜನರ ಗ್ಯಾರೇಜಿನಲ್ಲಿ ಕಾರು ಬಿಟ್ಟು ಎಲ್ಲ ಇರುತ್ತದೆ. ನಮ್ಮಲ್ಲಿ 11 ಸೂಟ್‌ಕೇಸ್, ದಸರಾ ಗೊಂಬೆಯ ಪೆಟ್ಟಿಗೆಗಳು, ಎರಡು ಮೂಟೆ ಸೋನಾ ಮಸೂರಿ, ಯಾರೂ ಹತ್ತದ ಟ್ರೆಡ್‌ಮಿಲ್. ಇವನ್ನು ಎಲ್ಲಿಡುತ್ತೀರಿ ಅಂತ ಈಗಲೇ ಯೋಚಿಸಿ. ಹಿತ್ತಲಿಗೆ ಒಂದು ಶೆಡ್ ತರಿಸಬೇಕಾಯಿತು.

ಅದಕ್ಕಿಂತ ಮುಖ್ಯ, ಗೋಡೆಗೆ ಅಂಟಿಕೊಂಡ ಸಾಮಾನು. ಇಲ್ಲಿನ ಹಳೇ ಮನೆಗಳಲ್ಲಿ ವಾಟರ್ ಹೀಟರ್, ಮನೆ ಬೆಚ್ಚಗಿಡುವ ಫರ್ನೇಸ್, ಬಟ್ಟೆ ಒಗೆಯುವ ಮಷೀನು, ಕೆಲವು ಕಡೆ ಕರೆಂಟಿನ ಪ್ಯಾನೆಲ್ ಕೂಡ ಗ್ಯಾರೇಜಿನಲ್ಲೇ ಇರುತ್ತವೆ. ಪ್ಯಾನೆಲ್ ಬಚ್ಚಲಿನಲ್ಲಾಗಲಿ ಬಟ್ಟೆ ಕಪಾಟಿನೊಳಗಾಗಲಿ ಬರುವಂತಿಲ್ಲ. ಮಲಗುವ ಜಾಗದಲ್ಲಿ ಗ್ಯಾಸಿನ ಹೀಟರ್ ಸುಮ್ನೆ ಹಾಗೇ ಬಿಡುವಂತಿಲ್ಲ. ಪ್ರತಿಯೊಂದಕ್ಕೂ ಬೇರೆ ಜಾಗ, ಪ್ರತಿಯೊಂದಕ್ಕೂ ದುಡ್ಡು. ನಾವು ಹಳೇ ಗ್ಯಾಸ್ ಹೀಟರ್ ತೆಗೆದು, ಗಾಳಿಯಲ್ಲಿನ ಬಿಸಿ ಎಳೆದು ನೀರು ಕಾಯಿಸುವ ಕರೆಂಟಿನ ಹೀಟ್ ಪಂಪ್ ವಾಟರ್ ಹೀಟರನ್ನು ಮನೆಯ ಹೊರಗೋಡೆಯ ಪಕ್ಕ ಇಟ್ಟೆವು.

ಖಾಲಿಯಾದ ಮೇಲೆ ನೆಲ ಗುಡಿಸಿ ಎಲ್ಲಾದರೂ ಮುದ್ರೆ ಒತ್ತಿದ್ದಾರಾ ನೋಡಿ. ಹೊಸ ಕಾಲದ ಕೆಲವು ಮನೆಗಳ ಕಾಂಕ್ರೀಟ್ ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಕೇಬಲ್ ಇರುತ್ತವೆ. "ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಕೊರೆಯಬೇಡಿ" ಅಂತ ಗ್ಯಾರೇಜಿನ ನೆಲದ ಮೇಲೇ ಅಚ್ಚು ಹಾಕಿರುವುದುಂಟು. ಅದು ಕಂಡರೆ ಯಾರೂ ಗರಗಸ ಮುಟ್ಟಬಾರದು. ಕೇಬಲ್ ಎಲ್ಲೆಲ್ಲಿದೆ ಅಂತ ಸ್ಕ್ಯಾನ್ ಮಾಡಿಸಿ, ಇಂಜಿನಿಯರ್ ಹೇಳಿದ ಮೇಲೇ ಮುಂದಿನ ಮಾತು. ಕೇಬಲ್ ತುಂಡಾದರೆ ಜೀವಕ್ಕೇ ಅಪಾಯ. ನಮ್ಮದು 1964ರದ್ದು, ಬರೀ ನಾಲ್ಕಿಂಚಿನ ಕಾಂಕ್ರೀಟ್, ಬಚಾವಾದೆವು.

ಮೋರಿ

ನನ್ನ ತಪ್ಪು ಇಲ್ಲಿದೆ. ನಾನು ಅಡುಗೆಮನೆಯಿಂದ ಶುರು ಮಾಡಿದೆ. ಕಟ್ಟೆ ಹೀಗಿರಲಿ, ಕಿಟಕಿ ಹಾಗಿರಲಿ, ದೇವರ ಗೂಡು ಈಶಾನ್ಯಕ್ಕೆ, ಹೀಗೆ ಮೂರು ವಾರ ಕಾಗದದ ಮೇಲೆ ಗೀಚಿದೆ. ಬಚ್ಚಲು ಉಳಿದ ಜಾಗಕ್ಕೆ ಹೋಯಿತು, ಅಂದರೆ ಗ್ಯಾರೇಜ್ ಬಾಗಿಲ ಪಕ್ಕದ ಮುಂದಿನ ಮೂಲೆಗೆ. ನಕ್ಷೆ ಬರೆಯುವವರೂ ಚೆನ್ನಾಗಿದೆ ಅಂದರು. ಪ್ಲಂಬರ್ ಬಂದು ಕೇಳಿದ ಮೊದಲ ಪ್ರಶ್ನೆಗೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ: "ಕೊಳಚೆ ಪೈಪು ಎಲ್ಲಿದೆ, ಎಷ್ಟು ಆಳ?"

ಲೆಕ್ಕ ಹೀಗೆ. ಬೀದಿಗೆ ಹೋಗುವ ಪೈಪು ಗ್ಯಾರೇಜಿನಿಂದ ದೂರ, ನಮ್ಮ ಮನೆಯ ಇನ್ನೊಂದು ಬದಿಯಲ್ಲಿದೆ. ಗ್ಯಾರೇಜಿಗೆ ಹತ್ತಿರ ಸಿಗುವುದು ಹಿಂಗೋಡೆಯ ಆಚೆಗಿನ ನಮ್ಮ ಬಚ್ಚಲಿನ ಪೈಪು ಮಾತ್ರ. ಅಲ್ಲಿ ಅದು ಗ್ಯಾರೇಜಿನ ಹಿಂದಿನ ನೆಲಮಟ್ಟದಿಂದ 17 ಇಂಚು ಕೆಳಗೆ. ಮುಂದಿನ ಮೂಲೆಯಿಂದ ಅಲ್ಲಿಗೆ 24 ಅಡಿ. ಕೊಳಚೆ ಪೈಪಿಗೆ ಅಡಿಗೆ ಕಾಲಿಂಚು ಇಳಿಜಾರು ಬೇಕು, ಅಂದರೆ 6 ಇಂಚು. ಟಾಯ್ಲೆಟ್ ಕೆಳಗೆ ಪೈಪು ತಿರುಗಿ ಹೊರಡಲು ನೆಲದಿಂದ ಸುಮಾರು 12 ಇಂಚು ಬೇಕು ಅಂದ ಪ್ಲಂಬರ್. ಹನ್ನೆರಡು ಮತ್ತೆ ಆರು, ಹದಿನೆಂಟು. ಒಂದೇ ಇಂಚು ಕಮ್ಮಿ ತಾನೇ, ಏನೋ ಮಾಡಬಹುದು ಅಂತ ನಾವು. ಆತ ರಸಮಟ್ಟ ನೆಲದ ಮೇಲಿಟ್ಟು ತೋರಿಸಿದ. ಮುಂದಿನ ಮೂಲೆ ಹಿಂದಿಗಿಂತ ಎರಡೂವರೆ ಇಂಚು ತಗ್ಗು! ಅದೂ ಸೇರಿ ಮೂರೂವರೆ ಇಂಚು ಖೋತಾ. ಅಮ್ಮ ಹೇಳಿದ ಕೊಟ್ಟಿಗೆ ನೆಲ.

ಮೇಲಕ್ಕೆ ಎತ್ತುವ ಪಂಪ್ ಇಡಬಹುದಿತ್ತು. ಕರೆಂಟು ಹೋದ ದಿನ 74 ವರ್ಷದ ಅಮ್ಮನ ಟಾಯ್ಲೆಟ್ ಕೂಡ ಹೋಗುತ್ತದೆ, ಅದು ಬೇಡ ಅಂದೆ. ಬಚ್ಚಲನ್ನು ಹಿಂಗೋಡೆಗೆ ತಂದೆವು. ನಮ್ಮ ಬಚ್ಚಲು, ಅವಳ ಬಚ್ಚಲು ಬೆನ್ನಿಗೆ ಬೆನ್ನು. ಪೈಪಿನ ಉದ್ದ 5 ಅಡಿ. ಅಡುಗೆಮನೆಯ ಸಿಂಕ್ ಕೂಡ ಅದೇ ಸಾಲಿಗೆ ಬಂತು. ನನ್ನ ಮೂರು ವಾರದ ಗೀಚಾಟ ಕಸದ ಬುಟ್ಟಿಗೆ. ಅರ್ಜಿ ಅಷ್ಟರಲ್ಲಿ ಹೋಗಿಬಿಟ್ಟಿತ್ತು, ಹೊಸ ನಕ್ಷೆಗೆ, ಮತ್ತೆ ಸಲ್ಲಿಸಲು ಏಳು ವಾರ ಹಿಡಿಯಿತು.

ಆದ್ದರಿಂದ ಹೇಳುತ್ತಿದ್ದೇನೆ. ನಕ್ಷೆ ಬರೆಯುವವರಿಗೆ ದುಡ್ಡು ಕೊಡುವ ಮುಂಚೆ ಪ್ಲಂಬರಿಗೆ ಕೊಡಿ. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ಜಾಗ, ಆಳ ಎರಡೂ ಹೇಳುತ್ತಾರೆ. ಹಳೇ ಮಣ್ಣಿನ ಪೈಪಿನೊಳಗೆ ಮರದ ಬೇರು ನುಗ್ಗಿದ್ದರೂ ಗೊತ್ತಾಗುತ್ತದೆ. ಆಮೇಲೆ ಕಾಗದದ ಮೇಲೆ ಮೊದಲು ಟಾಯ್ಲೆಟ್ ಇಡಿ. ಅದರ ನಡುಗೆರೆಯಿಂದ ಎರಡೂ ಬದಿಗೆ 15 ಇಂಚು, ಮುಂದೆ 24 ಇಂಚು ಖಾಲಿ ಬಿಡಿ, ಅದು ನಿಯಮ. ವಯಸ್ಸಾದವರಿಗಾದರೆ ಇನ್ನೂ ಜಾಸ್ತಿ ಬಿಡಿ. ಗೋಡೆಯೊಳಗೆ ಈಗಲೇ ದಪ್ಪ ಮರದ ತುಂಡು ಕೂರಿಸಿದರೆ ಮುಂದೆ ಕೈಹಿಡಿ ಹಾಕಲು ಆಧಾರ ಸಿಗುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ ಅಂದರೂ ಆಗುತ್ತದೆ, ಆದರೆ ಹೇಳದಿದ್ದರೆ ಯಾರೂ ಮಾಡಲ್ಲ.

ನೆಲ

ಇಳಿಜಾರಿಗಿಂತ ಮೋಸ ಮಾಡುವುದು ತೇವ. ಹಳೇ ಗ್ಯಾರೇಜಿನ ಕಾಂಕ್ರೀಟ್ ಕೆಳಗೆ ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆ ಹಾಕಿರುವುದಿಲ್ಲ. ಕಾರಿಗೆ ತೇವ ಆದರೆ ಏನಂತೆ ಅಂತ. ಮಣ್ಣಿನ ತೇವ ಮೆಲ್ಲಗೆ ಮೇಲೇರುತ್ತದೆ. ಬರೀ ನೆಲವಾಗಿದ್ದಾಗ ಅದು ಗಾಳಿಗೆ ಆರಿ ಹೋಗುತ್ತದೆ, ಗೊತ್ತಾಗಲ್ಲ. ಮೇಲೆ ಮರದ ಹಲಗೆಯೋ ವಿನೈಲೋ ಹಾಸಿದ ಮೇಲೆ ಅಡಿಯಲ್ಲೇ ಕೂತು ಬೂಸ್ಟು ಹಿಡಿಸುತ್ತದೆ. ಮಲೆನಾಡಿನವರಿಗೆ ಈ ವಾಸನೆ ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ಸುಲಭ, ನೀವೇ ಮಾಡಬಹುದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪು ಗಟ್ಟಿ ಅಂಟಿಸಿ. ಕಡಿಮೆಯೆಂದರೆ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಅಥವಾ ಕಾಂಕ್ರೀಟ್ ಬಣ್ಣ ಕಪ್ಪಾಗಿದ್ದರೆ ತೇವ ಇದೆ ಅಂತ. ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ ಮಾಡಿ. ಫೆಬ್ರುವರಿಯಲ್ಲಿ ಮಳೆ ಬಂದ ಮೇಲೆ ಮಾಡಿದರೆ ಇನ್ನೂ ಒಳ್ಳೆಯದು. ಆಗಸ್ಟಿನಲ್ಲಿ ಇಲ್ಲಿ ಎಲ್ಲ ನೆಲವೂ ಸಾಚಾ.

ನಮ್ಮದರಲ್ಲಿ ಐದರಲ್ಲಿ ಮೂರು ಕಡೆ ಹನಿ. ಮೊದಲು ಮೋರಿಗೆ ಕೊರೆದ ಕಾಲುವೆ ಮುಚ್ಚಿದರು. ಹಳೇ ಕಾಂಕ್ರೀಟಿಗೂ ಹೊಸದಕ್ಕೂ ಕಬ್ಬಿಣದ ಸರಳು ಕೂರಿಸಿ ಜೋಡಿಸಿದರು. ಮೇಲೆ ಎಣ್ಣೆ ಕಲೆ ಹೋಗುವಂತೆ ಉಜ್ಜಿ, ತೇವ ತಡೆಯುವ ಎಪಾಕ್ಸಿ ಬಳಿದರು. ಅದರ ಮೇಲೆ ತಾನಾಗೇ ಮಟ್ಟಕ್ಕೆ ಹರಡುವ ಗಾರೆ ಸುರಿದರು. ಹಿಂದೆ ಕಾಲಿಂಚು ಇದ್ದರೆ ಮುಂದೆ ಎರಡೂಮುಕ್ಕಾಲು ಇಂಚು. ಆಮೇಲೆ ಟೈಲ್ಸ್. ಮರದ ಅಡ್ಡೆ ಜೋಡಿಸಿ ನೆಲ ಎತ್ತುವುದು ಇನ್ನೊಂದು ದಾರಿ. ಕಾಲಿಗೆ ಬೆಚ್ಚಗಿರುತ್ತದೆ, ಆದರೆ ಎತ್ತರ ತಿನ್ನುತ್ತದೆ. ಎಲ್ಲ ಮುಗಿದ ಮೇಲೆ ನೆಲದಿಂದ ಚಾವಣಿಗೆ 7 ಅಡಿ ಉಳಿಯಲೇಬೇಕು.

ಬಹುಮಹಡಿ ಪಾರ್ಕಿಂಗ್ ಕಟ್ಟಡಗಳನ್ನು ಮನೆ ಮಾಡಿ ಅನ್ನುವವರು ತಡಕಾಡುವುದೂ ಇದೇ ಎರಡು ಕಡೆ, ಇಳಿಜಾರು ನೆಲ ಮತ್ತು ತಗ್ಗು ಚಾವಣಿ. 2014ರಲ್ಲಿ ಅಟ್ಲಾಂಟಾದಲ್ಲಿ ಸವಾನಾ ಕಲಾ ಕಾಲೇಜಿನವರು ತಮ್ಮ ಪಾರ್ಕಿಂಗ್ ಮಹಡಿಯಲ್ಲಿ ತಲಾ 135 ಚದರ ಅಡಿಯ ಮೂರು ಪುಟ್ಟ ಮನೆ ಮಾಡಿ ತೋರಿಸಿದರು. ಒಂದೊಂದೂ ಒಂದು ಕಾರು ನಿಲ್ಲುವಷ್ಟು ಜಾಗ. ಅಮ್ಮನಿಗೆ ಫೋಟೋ ತೋರಿಸಿದೆ. "ನಮ್ಮ ಅಡಿಕೆ ಬೇಯಿಸೋ ಮನೆ ಇದಕ್ಕಿಂತ ದೊಡ್ಡದಿತ್ತು" ಅಂದಳು.

ದೊಡ್ಡ ಬಾಗಿಲಿದ್ದ ಜಾಗ

16 ಅಡಿ ಅಗಲದ ಬಾಗಿಲು ತೆಗೆದು ಗೋಡೆ ಕಟ್ಟುವುದು ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಆದರೆ ಬಾಗಿಲ ಕೆಳಗೆ ಎಷ್ಟೋ ಸಲ ಅಡಿಪಾಯವೇ ಇರುವುದಿಲ್ಲ. ಅಗೆದು ತೋರಿಸಿ ಅಂತ ಇನ್‌ಸ್ಪೆಕ್ಟರ್ ಕೇಳುತ್ತಾರೆ. ನಮ್ಮ ಇಂಜಿನಿಯರ್ 12 ಇಂಚು ಅಗಲ, 12 ಇಂಚು ಆಳದ ಹೊಸ ಅಡಿಪಾಯ, ಮೇಲೆ 6 ಇಂಚಿನ ಕಾಂಕ್ರೀಟ್ ಕಟ್ಟೆ ಬರೆದುಕೊಟ್ಟರು. ಆ ಕಟ್ಟೆ ಬೇಕೇ ಬೇಕು. ಹೊರಗಿನ ಡ್ರೈವ್‌ವೇ ನೆಲದ ಮಟ್ಟಕ್ಕೇ ಇರುತ್ತದೆ. ಮರದ ಗೋಡೆಯನ್ನು ನೇರ ಅದರ ಮೇಲೆ ನಿಲ್ಲಿಸಿದರೆ ಮೊದಲ ಮಳೆಗೇ ಬುಡ ನೆನೆಯುತ್ತದೆ.

ಇನ್ನೊಂದು ವಿಷಯ. ಫ್ರೀಮಾಂಟ್ ಊರೊಳಗೇ ಹೇವರ್ಡ್ ಬಿರುಕು, ಅಂದರೆ ಭೂಕಂಪ ಹುಟ್ಟುವ ಭೂಮಿಯ ಬಿರುಕು, ಹಾದು ಹೋಗುತ್ತದೆ. ಭೂಕಂಪದಲ್ಲಿ ಗ್ಯಾರೇಜಿನ ಮುಂಭಾಗ ದುರ್ಬಲ, ಯಾಕೆಂದರೆ ದೊಡ್ಡ ಬಾಗಿಲಿನ ಎರಡೂ ಪಕ್ಕ ಬರೀ ಎರಡಡಿ ಗೋಡೆ. ಹೊಸ ಗೋಡೆಗೆ ಪ್ಲೈವುಡ್ ಬಡಿದು, ಅಡಿಪಾಯಕ್ಕೆ ಬೋಲ್ಟ್ ಬಿಗಿದರೆ ಇಡೀ ಮನೆಗೇ ಬಲ ಬರುತ್ತದೆ. ಈ ಖರ್ಚಿಗೆ ಮಾತ್ರ ನಮ್ಮನೆಯವರು ಚಕಾರ ಎತ್ತಲಿಲ್ಲ.

ಗೋಡೆ, ಕಿಟಕಿ, ಒಲೆ

ಗೋಡೆಯ ಮರದ ಸಂದಿಗೆ ಚಳಿ, ಸೆಕೆ ತಡೆಯುವ ಹತ್ತಿಯಂಥ ಇನ್ಸುಲೇಷನ್ (ಆರ್-15 ದರ್ಜೆಯದು) ತುಂಬಿದೆವು, ಮೇಲೆ ಡ್ರೈವಾಲ್ ಅನ್ನುವ ಜಿಪ್ಸಂ ಹಲಗೆ. ದೊಡ್ಡ ಮನೆಗೂ ಚಿಕ್ಕ ಮನೆಗೂ ನಡುವಿನ ಗೋಡೆ ಒಂದು ಗಂಟೆ ಬೆಂಕಿ ತಡೆಯಬೇಕು. ಸೈಟಿನ ಗಡಿಗೆ 5 ಅಡಿಗಿಂತ ಹತ್ತಿರ ಇರುವ ಗೋಡೆಗೂ ಹಾಗೇ. ಗಡಿಗೆ 3 ಅಡಿಗಿಂತ ಹತ್ತಿರವಾದರೆ ಆ ಗೋಡೆಯಲ್ಲಿ ಕಿಟಕಿ ಇಡುವಂತಿಲ್ಲ. ನಮ್ಮ ಪಶ್ಚಿಮದ ಕಿಟಕಿ ಆಸೆ ಹೀಗೆ ಹೋಯಿತು. ದೊಡ್ಡ ಮನೆಗೆ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಕಡ್ಡಾಯ ಇಲ್ಲದಿದ್ದರೆ ಇದಕ್ಕೂ ಇಲ್ಲ. ಹೊಸದಾಗಿ ಕಟ್ಟುವ ಬಿಡಿ ಮನೆಗೆ ಸೋಲಾರ್ ಹಾಕಬೇಕು. ಇದ್ದ ಗ್ಯಾರೇಜನ್ನೇ ಮಾರ್ಪಡಿಸಿದರೆ ಅದೂ ಬೇಡ.

ಮಲಗುವ ಜಾಗದಲ್ಲಿ ಒಂದು ಕಿಟಕಿಯಾದರೂ ಮನುಷ್ಯ ಹೊರಗೆ ಹಾರುವಂತಿರಬೇಕು. ನೆಲಮಹಡಿಯಲ್ಲಿ ತೆರೆದ ಜಾಗ 5 ಚದರ ಅಡಿ, ಎತ್ತರ ಕಡಿಮೆಯೆಂದರೆ 24 ಇಂಚು, ಅಗಲ 20 ಇಂಚು, ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. 24ಕ್ಕೆ 20ರ ಕಿಟಕಿ ತಂದರೆ ಪಾಸಾಗಲ್ಲ, ಗುಣಿಸಿ ನೋಡಿ. ಗಾಜು ಸರಿಸಿದ ಮೇಲೆ ಉಳಿಯುವ ಜಾಗವೇ ಲೆಕ್ಕ. ಅಮ್ಮ ಕಿಟಕಿಯಿಂದ ಹಾರುವುದಿಲ್ಲ ಬಿಡಿ. ಅದಕ್ಕೇ 32 ಇಂಚಿನ ಕೆಳ ಅಂಚು ಇಟ್ಟೆವು. ಕೂತರೆ ಬೀದಿ ಕಾಣುತ್ತದೆ, ಅವಳಿಗೆ ಬೇಕಿದ್ದದ್ದೂ ಅದೇ.

ಕರೆಂಟು ನಮ್ಮಲ್ಲಿ 100 ಆಂಪ್ ಇತ್ತು. ಕಾರ್ ಚಾರ್ಜರ್, ಹೀಟ್ ಪಂಪ್, ಇಂಡಕ್ಷನ್ ಒಲೆ ಎಲ್ಲ ಸೇರಿದರೆ ಸಾಲದು. 200ಕ್ಕೆ ಏರಿಸಬೇಕಾಯಿತು. ಇದಕ್ಕೆ ಕರೆಂಟ್ ಕಂಪನಿಗೆ ಹಾಕುವ ಅರ್ಜಿ ಬೇರೆ, ಅದರ ಕಾಯುವಿಕೆ ಬೇರೆ. ಪರ್ಮಿಟ್ ಅರ್ಜಿಯ ದಿನವೇ ಅದನ್ನೂ ಹಾಕಿಬಿಡಿ.

ಒಗ್ಗರಣೆ ವಿಷಯ. 420 ಚದರ ಅಡಿಯಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಒಲೆಯಿಂದ ಎಲ್ಲಿಟ್ಟರೂ ಹತ್ತಿರವೇ. ಒಣಮೆಣಸು ಬಿದ್ದರೆ ಕೂಗುತ್ತದೆ. ಗಾಳಿಯನ್ನು ಶೋಧಿಸಿ ಮತ್ತೆ ಒಳಗೇ ಬಿಡುವ ಹುಡ್ ತರಬೇಡಿ. ಪೈಪಿನ ಮೂಲಕ ಹೊರಗೆ ಬಿಡುವುದೇ ಬೇಕು. ಅಲಾರಂ ಒಲೆಯಿಂದ ಆದಷ್ಟು ದೂರ ಬರುವ ಹಾಗೆ ನಕ್ಷೆಯಲ್ಲೇ ಜಾಗ ಗುರುತಿಸಿ.

ದುಡ್ಡು, ಕಾಂಟ್ರ್ಯಾಕ್ಟರ್

ನಮಗೆ ಒಟ್ಟು ಆದದ್ದು 1,38,000 ಡಾಲರ್. ಅದರಲ್ಲಿ ಕಣ್ಣಿಗೆ ಕಾಣುವ ಟೈಲ್ಸ್, ಬಣ್ಣ, ಕಪಾಟು ಕಾಲು ಭಾಗವೂ ಅಲ್ಲ. ಮೊದಲು ಬಂದ ಒಬ್ಬ ಕಾಂಟ್ರ್ಯಾಕ್ಟರ್ "ಪರ್ಮಿಟ್ ಯಾಕೆ, 45 ಸಾವಿರಕ್ಕೆ ಮುಗಿಸಿಕೊಡ್ತೀನಿ" ಅಂದ. ಅವನಿಗೆ ಕಾಫಿ ಕೊಟ್ಟು ಕಳಿಸಿದೆವು. ಪರ್ಮಿಟ್ ಇಲ್ಲದ ಮನೆಯನ್ನು ಮುಂದೆ ಮಾರುವಾಗ, ಇನ್ಶೂರೆನ್ಸ್ ಕೇಳುವಾಗ ತಲೆನೋವು ತಪ್ಪಿದ್ದಲ್ಲ. ನೀವು ಕೊಂಡ ಮನೆಯಲ್ಲೇ ಹಳೆಯವರು ಹಾಗೆ ಮಾಡಿ ಹೋಗಿದ್ದರೆ ಬೇರೆ ಮಾತು. 2020ಕ್ಕೆ ಮುಂಚೆ ಕಟ್ಟಿದವನ್ನು ಸರಿಪಡಿಸಿ ಪರ್ಮಿಟ್ ಪಡೆಯಲು ರಾಜ್ಯದ ಕಾನೂನು ದಾರಿ ಕೊಟ್ಟಿದೆ. ನಮ್ಮ ಅಕ್ರಮ-ಸಕ್ರಮದ ತಮ್ಮ ಅನ್ನಿ.

ಕಾಂಟ್ರ್ಯಾಕ್ಟರ್ ಹತ್ತಿರ ಲೈಸೆನ್ಸ್ ನಂಬರ್ ಕೇಳಿ, ಆ ಲೈಸೆನ್ಸ್ ಕೊಡುವ ರಾಜ್ಯ ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಮುಂಗಡ ಅಂತ ಕೇಳಬಹುದಾದ್ದು ಒಟ್ಟು ಮೊತ್ತದ ಶೇ 10 ಅಥವಾ 1,000 ಡಾಲರ್, ಯಾವುದು ಕಮ್ಮಿಯೋ ಅದು. ಅಂದರೆ ಇಂಥ ಕೆಲಸಕ್ಕೆ ಸಾವಿರವೇ. "ಸಾಮಾನು ತರಬೇಕು, 20 ಸಾವಿರ ಕೊಡಿ" ಅಂದರೆ ನಮ್ಮ ಜನ ಸಂಕೋಚಕ್ಕೆ ಕೊಟ್ಟುಬಿಡುತ್ತಾರೆ. ಕೊಡಬೇಡಿ. ಮೋರಿ ಮುಗಿದು ತಪಾಸಣೆ ಆದ ಮೇಲೆ ಇಷ್ಟು, ಗೋಡೆ ಎದ್ದ ಮೇಲೆ ಇಷ್ಟು ಅಂತ ಬರೆದುಕೊಳ್ಳಿ. ಅವರು ತಮ್ಮ ಪ್ಲಂಬರಿಗೆ, ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟ ಸಹಿಯ ಕಾಗದ ಪ್ರತಿ ಕಂತಿಗೂ ಕೇಳಿ. ಇಲ್ಲದಿದ್ದರೆ ದುಡ್ಡು ಸಿಗದ ಪ್ಲಂಬರ್, ಎಲೆಕ್ಟ್ರಿಷಿಯನ್ ನಿಮ್ಮ ಮನೆಯ ಮೇಲೇ ಹಕ್ಕು ಹೂಡಬಹುದು.

ಮನೆ ತೆರಿಗೆಗೆ ಹೆದರಬೇಡಿ. ಹೊಸದಾಗಿ ಸೇರಿದ ಭಾಗಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ, ಹಳೇ ಮನೆಯ ಲೆಕ್ಕ ಹಾಗೇ ಇರುತ್ತದೆ.

ಕೊನೇ ತಪಾಸಣೆ

ನವೆಂಬರಿನಲ್ಲಿ ಇನ್‌ಸ್ಪೆಕ್ಟರ್ ಬಂದರು. ಕಿಟಕಿ ತೆರೆದು ಅಳೆದರು, ಅಲಾರಂ ಒತ್ತಿ ಕೂಗಿಸಿದರು, ನಲ್ಲಿಯ ಬಿಸಿನೀರು ನೋಡಿದರು, ಮುಂಬಾಗಿಲ ಮೇಲೆ ಮನೆ ನಂಬರ್ ಇದೆಯಾ ಕೇಳಿದರು. ನಂಬರ್ ಹಾಕುವುದನ್ನು ಮರೆತಿದ್ದೆವು. ಮಗ ಓಡಿ ಹೋಗಿ ಅಂಗಡಿಯಿಂದ ತಂದು ಅಂಟಿಸಿದ.

ಗೃಹಪ್ರವೇಶಕ್ಕೆ ಹಾಲು ಉಕ್ಕಿಸಬೇಕಲ್ಲ. ಇಂಡಕ್ಷನ್ ಒಲೆ ಹಾಲು ಉಕ್ಕಿ ಗಾಜಿಗೆ ತಾಗಿದ ತಕ್ಷಣ ಕೀಂ ಅಂತ ಆಫ್ ಆಯಿತು. ಅಮ್ಮ ಅಷ್ಟು ಸಾಕು ಅಂದಳು. ಉಕ್ಕಿದ ಹಾಲು ಕಟ್ಟೆಯಿಂದ ನೆಲಕ್ಕಿಳಿದು ಟೈಲ್ಸ್ ಮೇಲೆ ಬಿತ್ತು. ಒರೆಸಲು ಬಟ್ಟೆ ತರುವಷ್ಟರಲ್ಲಿ ಅಮ್ಮ ಬಗ್ಗಿ ನೋಡುತ್ತಿದ್ದಳು. ಹಾಲು ಯಾವ ಕಡೆಗೂ ಹರಿಯದೆ ಅಲ್ಲೇ ನಿಂತಿತ್ತು.